ಹಿಂಬದಿ ಪುಟದ ದ್ರಾಕ್ಷಿ

ಬಾಗಿಲು ತೆರೆದರೆ ಪರಿಚಯವಿಲ್ಲದ ಹಿರಿಯರೊಬ್ಬರು ನಿಂತಿದ್ದರು. ಅಥಣಿಯಿಂದ ಬಸ್ಸು ಹಿಡಿದು, ಚಿಕ್ಕೋಡಿಯಲ್ಲಿ ನನ್ನ ಮನೆಯನ್ನು ಕೇಳಿಕೊಂಡು ಬಂದಿದ್ದರು. ಕೈಚೀಲದಿಂದ ಬೂದಿ ಬಳಿದಂತಿದ್ದ ದ್ರಾಕ್ಷಿ ಎಲೆಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ಸರ, ನಿಮ್ಮ ದ್ರಾಕ್ಷಿ ಪುಸ್ತಕ ಬರೂತನಕ ನಮ್ಮ ಬಳ್ಳಿ ಉಳಿಯಂಗಿಲ್ಲ. ಈಗ ಎಷ್ಟ ಬರದೀರಿ, ಅಷ್ಟರಾಗ ಇದಕ್ಕ ಔಷಧ ಐತೇನ ನೋಡ್ರಿ.”

ನಾನು ಕನ್ನಡ ಕಲಿಸುವ ಮಾಸ್ತರ. ದ್ರಾಕ್ಷಿಯನ್ನು ತಿಂದಷ್ಟೇ ಗೊತ್ತು. ನನ್ನ ಕವನ ಸಂಕಲನ ತಂದ ನಮ್ಮೂರಿನ ಪ್ರಕಾಶಕರು, ಹಿಂಬದಿ ಪುಟ ಖಾಲಿ ಕಾಣಬಾರದೆಂದು ‘ಇದೇ ಲೇಖಕರಿಂದ ಶೀಘ್ರದಲ್ಲಿ’ ಎಂಬ ತಲೆಬರಹದಡಿ, ನನ್ನನ್ನು ಕೇಳದೆಯೇ ಮೂರು ಪುಸ್ತಕಗಳ ಹೆಸರು ಹಾಕಿದ್ದರು. ಮೊದಲನೆಯದು ದ್ರಾಕ್ಷಿ ಬೇಸಾಯ.

ತಲೆ ತಗ್ಗಿಸಿ ನಿಜ ಹೇಳಿದೆ. ಹಿರಿಯರು ಬೈಯಲಿಲ್ಲ. ಚಹಾ ಕುಡಿದು, ಎಲೆಗಳನ್ನು ಚೀಲಕ್ಕೆ ತುಂಬಿಕೊಂಡರು.

“ಹೋಗ್ಲಿ ಬಿಡ್ರಿ. ಔಷಧ ಎಲ್ಲೆರ ಸಿಗತೈತೇನಂತ ನಿಮ್ಮ ಕವಿತಾನೂ ಎರಡ ಸಲ ಓದೇನಿ.”

ಅವರನ್ನು ಕೃಷಿ ಕಚೇರಿಗೆ ಮುಟ್ಟಿಸಿ, ನೇರ ಪ್ರಕಾಶಕರ ಬಳಿ ಜಗಳಕ್ಕೆ ಹೋದೆ. ಅಷ್ಟರಲ್ಲಿ ಪ್ರತಿಗಳು ರಾಯಬಾಗ, ನಿಪ್ಪಾಣಿಗೆಲ್ಲ ಹೋಗಿಬಿಟ್ಟಿದ್ದವು. ಪಟ್ಟಿಯಲ್ಲಿ ಎರಡನೆಯದು ಎಮ್ಮೆ ಸಾಕಣೆ. ಇಷ್ಟು ವರ್ಷಗಳಾದರೂ, ಬೀದಿಯಲ್ಲಿ ಎಮ್ಮೆಯ ಕೊರಳಗಂಟೆ ಕೇಳಿದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ.