ಚೀಟಿ ಇಲ್ಲದೆ ಒಂದು ತೊಟ್ಟೂ ಇಲ್ಲ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಪಾರಿತೋಷಕಗಳು ರಾಜಾಜಿನಗರದ ನಮ್ಮ ಮನೆಯ ಗಾಜಿನ ಬೀರುವನ್ನು ಆಕ್ರಮಿಸಿ, ಅಮ್ಮನ ಹಿತ್ತಾಳೆ ಪಾತ್ರೆಗಳನ್ನು ಅಟ್ಟಕ್ಕೆ ಓಡಿಸಿದ್ದವು. ಎಪ್ಪತ್ತರ ದಶಕದ ನಡುವಿನ ಆ ದಿನಗಳಲ್ಲಿ, ಸಮಾಜದಲ್ಲಿ ಕೆಡುಕು ಉಳಿದಿರುವುದಕ್ಕೆ ಒಂದೇ ಕಾರಣವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ: ಅದರ ವಿರುದ್ಧ ಇದುವರೆಗೆ ಯಾರೂ ಸರಿಯಾಗಿ ವಾದ ಮಂಡಿಸಿಲ್ಲ.

ಕೈಗಾರಿಕಾ ವಸಾಹತಿನ ದಾರಿಯಲ್ಲಿ ಒಂದು ಔಷಧದ ಅಂಗಡಿಯಿತ್ತು. ಪಕ್ಕದ ಮೋರಿಕಟ್ಟೆಯ ಮೇಲೆ ನಾಲ್ಕೈದು ಜನ ಸದಾ ಕೂತಿರುತ್ತಿದ್ದರು. ಎಲ್ಲರ ಕೈಯಲ್ಲೂ ಕೆಮ್ಮಿನ ಔಷಧದ ಸೀಸೆ. ಕೆಮ್ಮು ಮಾತ್ರ ಒಬ್ಬರಿಗೂ ಇರಲಿಲ್ಲ. ಅದರಲ್ಲಿದ್ದ ಕೋಡೀನ್ ಅಫೀಮಿನ ವಂಶದ್ದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಲೇಬಲ್ಲೇ ಹೇಳುತ್ತಿತ್ತು. ಲೇಬಲ್ ಓದುವ ದುರಭ್ಯಾಸ ಮಾರುವವನಿಗೂ ಇರಲಿಲ್ಲ, ಕುಡಿಯುವವರಿಗೂ ಇರಲಿಲ್ಲ.

ಅವರಲ್ಲೊಬ್ಬ ಹಿಂದೆ ತಗಡು ಒತ್ತುವ ಪ್ರೆಸ್ ಯಂತ್ರದ ಕೆಲಸಗಾರ. ಯಂತ್ರವು ಅವನ ಬಲಗೈಯ ಮೂರು ಬೆರಳುಗಳನ್ನು ಇಟ್ಟುಕೊಂಡಿತು. ಕಾರ್ಖಾನೆಯು ಅವನನ್ನು ಇಟ್ಟುಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ನೋವಿಗೆ ಅದೇ ಬಳಗದ ಪೆಥಿಡಿನ್ ಚುಚ್ಚಿದರು, ಗಾಯ ಮಾಯ್ದಾಗ ಮನೆಗೆ ಕಳಿಸಿದರು. ನೋವಿಗೆ ಯಾರೂ ಡಿಸ್ಚಾರ್ಜ್ ಬರೆದುಕೊಡಲಿಲ್ಲ. ಅದು ಸೂಜಿಯಿಂದ ಸೀಸೆಗೆ ಬಂತು, ಹೆಂಡತಿ ಬಾಪೂಜಿ ನಗರದ ತವರಿಗೆ ಹೋದಳು, ಮೋರಿಕಟ್ಟೆ ಅವನ ವಿಳಾಸವಾಯಿತು.

ಅವನ ಮೇಲೆ ನನಗೆ ವಿಶೇಷ ಕರುಣೆ. ಭಾಷಣಕ್ಕೆ ಅಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಕ್ಕಿರಲಿಲ್ಲ. ಬೇರೊಂದು ಕಾರ್ಖಾನೆಯ ಪರಿಚಯದ ಮ್ಯಾನೇಜರೊಬ್ಬರನ್ನು ಕಾಡಿ ಬೇಡಿ ಅವನಿಗೊಂದು ವಾಚ್‌ಮನ್ ಕೆಲಸದ ಭರವಸೆ ಪಡೆದೆ. “ಸೋಮವಾರ ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ರ ನೆಟ್ಟಗೆ ನಿಂತು ಮುಖ ತೋರಿಸ್ಲಿ, ಸಾಕು” ಎಂದರು. ಕೆಲಸ ಸಿಕ್ಕಿದರೆ ಬರುತ್ತೇನೆಂದು ಹೆಂಡತಿ ಹೇಳಿಕಳಿಸಿದ್ದಳು. ಅವನು ಆ ವಾರವೇ ಕ್ಷೌರ ಮಾಡಿಸಿಕೊಂಡ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕೇವಲ ಉಪಕಾರಿಯಾಗುತ್ತಿದ್ದೆ. ಸುಧಾರಕನಾಗಲು ಅದು ಸಾಲದು. ಶುಕ್ರವಾರ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಮ್ಮ ಕಾಲೇಜಿನ ಚರ್ಚಾ ಸಂಘದಿಂದ, ಚೀಟಿಯಿಲ್ಲದೆ ಈ ಔಷಧ ಮಾರಕೂಡದು ಎಂಬ ವಿಷಯದ ಮೇಲೆ ಸಾರ್ವಜನಿಕ ಚರ್ಚೆ ಏರ್ಪಡಿಸಿದೆ. ಪರವಾಗಿ ನಾನು, ವಿರೋಧವಾಗಿಯೂ ನಮ್ಮದೇ ಸಂಘದ ಸದಸ್ಯ, ಸೋಲಬೇಕೆಂಬ ಸ್ಪಷ್ಟ ಸೂಚನೆಯೊಂದಿಗೆ. ಅವನು ಅಚ್ಚುಕಟ್ಟಾಗಿ ಸೋತ. ಹತ್ತು ಹೆಜ್ಜೆ ಆಚೆ ಮೋರಿಕಟ್ಟೆಯ ಮೇಲೆ ನಿಜವಾದ ವಿರೋಧ ಪಕ್ಷ ಕೂತಿತ್ತು. ಅದಕ್ಕೆ ಮಾತಾಡಲು ಸಮಯ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಯಲ್ಲಿ ಅಂಗಡಿಯವರು ಕೈಮುಗಿದರು: “ಆಯ್ತು ಸಾರ್, ನಿಮ್ ಬಾಯಿಗೆ ನಮಸ್ಕಾರ. ಇವತ್ತಿಂದ ಚೀಟಿ ಇಲ್ದೆ ಒಂದ್ ತೊಟ್ಟೂ ಇಲ್ಲ.”

ಭಾನುವಾರ ಮಧ್ಯಾಹ್ನ ಆ ಮೂರು ಬೆರಳು ಕಳೆದುಕೊಂಡವನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಮೂಗು ಸುರಿಯುತ್ತಿತ್ತು, ಬಿಡದೆ ಆಕಳಿಕೆ, ಉರಿಬಿಸಿಲಿನಲ್ಲೂ ಮೈಮೇಲೆ ಮುಳ್ಳು.

“ಸಾರ್, ನಾಳೆ ಒಂದಿನದ ಮಟ್ಟಿಗೆ ಕೊಡೋಕೆ ಅಂಗಡಿಯವರಿಗೆ ಹೇಳಿ ಸಾರ್. ಕಾಲು ನಿಲ್ತಾ ಇಲ್ಲ.”

ಇಚ್ಛಾಶಕ್ತಿಯ ಬಗ್ಗೆ ನಾನು ಮೂರು ಅಂಶಗಳನ್ನು ಮಂಡಿಸಿದೆ. ಎರಡನೆಯದಕ್ಕೆ ಅವನು ಗೋಡೆ ಹಿಡಿದು ಕುಸಿದ. ಅಡುಗೆಮನೆಯಿಂದ ಅಮ್ಮ ಬಂದಳು.

“ಅವನಿಗೆ ವಾಂತಿ ಬರ್ತಾ ಇದೆ ಕಣೋ, ನೀನು ಇನ್ನೂ ಭಾಷಣ ಕುಡಿಸ್ತಾ ಇದೀಯಲ್ಲೋ! ಡಾಕ್ಟ್ರ ಹತ್ರ ಕರ್ಕೊಂಡು ಹೋಗು.”

ಮೂರನೆಯ ಅಂಶ ಬಾಕಿಯಿತ್ತು. ಅದನ್ನು ಮುಗಿಸಿಯೇ ಅವನನ್ನು ಕಳಿಸಿದೆ.

ಸೋಮವಾರ ಎಂಟಕ್ಕೆ ಅವನು ಗೇಟಿಗೆ ಬಂದಿದ್ದ. ಇಸ್ತ್ರಿಯ ಅಂಗಿ ಹಾಕಿಕೊಂಡು, ನಡುಗುತ್ತ, ಮ್ಯಾನೇಜರರ ಕಾಲ ಬಳಿಯೇ ವಾಂತಿ ಮಾಡಿಕೊಂಡ. “ಇದೇನ್ರೀ, ನೆಟ್ಟಗೆ ನಿಲ್ಲೋನ್ನ ಕಳಿಸ್ತೀನಿ ಅಂದ್ರಿ?” ಎಂದು ಅವರು ಪಕ್ಕದಲ್ಲಿದ್ದ ನನ್ನನ್ನೇ ಕೇಳಿದರು. ಸೀಸೆ ಕುಡಿಯುತ್ತಿದ್ದ ದಿನಗಳಲ್ಲಿ ಅವನು ನೆಟ್ಟಗೇ ನಿಲ್ಲುತ್ತಿದ್ದ ಎಂದು ಹೇಳುವಷ್ಟು ಪ್ರಾಮಾಣಿಕತೆ ನನ್ನಲ್ಲಿರಲಿಲ್ಲ. ಮಧ್ಯಾಹ್ನದೊಳಗೆ ಕೆಲಸ ಬೇರೊಬ್ಬನ ಪಾಲಾಯಿತು.

ಆಮೇಲೆ ಅಮ್ಮನ ಮಾತು ಕೇಳಿದೆ. ನಮ್ಮ ಬಡಾವಣೆಯ ಮುದಿ ವೈದ್ಯರು ಅವನ ನಾಡಿ ಹಿಡಿದು ನನ್ನ ಕಡೆ ನೋಡಿದರು. “ಒಂದೇ ಏಟಿಗೆ ನಿಲ್ಲಿಸಿದ ಮಹಾನುಭಾವ ಯಾರಪ್ಪ?” ನಾನು ಗಾಂಧಿ ಕ್ಯಾಲೆಂಡರ್ ನೋಡುತ್ತ ನಿಂತೆ. ಮೆಲ್ಲಮೆಲ್ಲಗೆ ಇಳಿಸಿ ಬಿಡಿಸಬೇಕೆಂದು ಹೇಳಿ ಅವರು ಚೀಟಿ ಬರೆದರು. ಕಾಂಪೌಂಡರ್ ಖಾಲಿ ಸೀಸೆಗೆ, ಮಿಕ್ಸ್ಚರ್ ಸೀಸೆಗಳಿಗೆ ಅಂಟಿಸುವಂತೆ, ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ದಿನದ ಪಾಲನ್ನು ಅದರಲ್ಲಿ ಅಳೆಯಬೇಕು, ಮೊದಲ ವಾರ ಮೇಲಿನ ಕಚ್ಚಿನವರೆಗೆ. ವಾರಕ್ಕೊಂದು ಕಚ್ಚು ಇಳಿಸಬೇಕು. ಸೀಸೆ ಅವನ ಕೈಗಲ್ಲ, ನನ್ನ ಕೈಗೆ.

ಹೀಗೆ ನಾನು ಅದೇ ಅಂಗಡಿಯ ಮೆಟ್ಟಿಲು ಹತ್ತಿ ಕೆಮ್ಮಿನ ಔಷಧ ಕೇಳಿದೆ.

“ಚೀಟಿ ಇದ್ಯಾ ಸಾರ್?”

ಕೊಟ್ಟೆ. ಅಂಗಡಿಯವರು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ಎರಡೆರಡು ಸಲ ಓದಿದರು. “ಏನ್ ಮಾಡೋದು ಸಾರ್, ಯಾರೋ ಬಂದು ರೂಲ್ಸ್ ಮಾಡ್ಬಿಟ್ಟಿದಾರೆ.” ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ನಾನು ಪಡೆದ ಚಪ್ಪಾಳೆಗಳಲ್ಲಿ ನನಗೆ ಅತ್ಯಂತ ಸಲ್ಲಬೇಕಾಗಿದ್ದದ್ದು ಅದೇ.

ದಿನಾ ಬೆಳಿಗ್ಗೆ ಅವನು ನಮ್ಮ ಜಗಲಿಗೆ ಬರುತ್ತಿದ್ದ, ನಾನು ಅಳೆದು ಕೊಡುತ್ತಿದ್ದೆ. ಮೂರು ಕಚ್ಚು ಇಳಿದೆವು. ನಡುಕ ಕಡಿಮೆಯಾಗಿತ್ತು, ಊಟ ಸೇರುತ್ತಿತ್ತು. ನಾಲ್ಕನೆಯ ಕಚ್ಚಿನ ಮೊದಲ ದಿನ ಅವನು ಖಾಲಿ ಲೋಟ ಹಿಡಿದು ಕೇಳಿದ:

“ಸಾರ್, ಆ ಕೆಲಸ ಹೋಯ್ತು. ಅವಳೂ ಬರಲ್ಲ ಅಂತ ಹೇಳಿ ಕಳ್ಸಿದಾಳೆ. ಈಗ ಇದನ್ನ ಯಾತಕ್ಕೆ ಬಿಡ್ಬೇಕು?”

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ. ಒಳಗೆ ಗಾಜಿನ ಬೀರುವಿನಲ್ಲಿ ಪಾರಿತೋಷಕಗಳಿದ್ದವು. ನಾನು ಅಳತೆಯ ಸೀಸೆಯನ್ನು ಬೆಳಕಿಗೆ ಎತ್ತಿ ಹಿಡಿದು, ಹೊಸ ಕಚ್ಚಿನವರೆಗೆ ಮಾತ್ರ ಔಷಧ ತುಂಬಿ, ಅವನ ಲೋಟಕ್ಕೆ ಬಗ್ಗಿಸಿದೆ. ಅವನು ಲೋಟ ನೋಡಿದ, ನನ್ನನ್ನು ನೋಡಿದ, ಕುಡಿದ.

“ನಾಳೆ ಬರ್ತೀಯಾ?” ಎಂದೆ.

“ನೋಡೋಣ ಸಾರ್” ಎಂದು ಮೆಟ್ಟಿಲಿಳಿದು ಹೋದ.