ಬಾಯಲ್ಲಿ ಹೇಳಬೇಕು

ನಮ್ಮಪ್ಪ ಊಟಿಯಲ್ಲಿ, ಮನೆಯ ಅಂಗಳದಲ್ಲೇ ತರಕಾರಿ ಮಂಡಿ ಇಟ್ಟಿದ್ದರು. ನಂಜನಾಡು ಕಡೆಯ ಆಲೂಗಡ್ಡೆ, ಕ್ಯಾರೆಟ್ ಕೊಂಡು ಮೈಸೂರಿಗೆ ಲೋಡ್ ಕಳಿಸುವ ಕೆಲಸ. ಅಣ್ಣ ಕಾಲೇಜು ಮುಗಿಸಿ ಅವರ ಜೊತೆಗೇ ನಿಂತಿದ್ದ. ಅವನಿಗೆ ಚಿಕ್ಕಂದಿನಿಂದ ಉಗ್ಗು. ನಮ್ಮ ಹತ್ತಿರ ಸ್ವಲ್ಪ, ಅಪ್ಪನ ಎದುರು ತುಂಬ. ಅವನ ಮಾತನ್ನು ಅಣಕಿಸಿ ತೋರಿಸುವುದರಲ್ಲಿ ಅಪ್ಪ ಗಟ್ಟಿಗರು. ಮಂಡಿಗೆ ಬಂದವರ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೆ ಅಲ್ಲಿ. ಜನ ನಗುತ್ತಿದ್ದರು. ಅಣ್ಣನೂ ಜೊತೆಗೆ ನಗುತ್ತಿದ್ದ. ಬೇರೇನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಸೋದರಮಾವ ತಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಮೈಸೂರಿನಿಂದ ಬಂದರು. ಮಕ್ಕಳಿಗೆ ಕಾಡುಪ್ರಾಣಿ ನೋಡಬೇಕು, ಟೆಂಟಿನಲ್ಲಿ ಮಲಗಬೇಕು. ಮಸಿನಗುಡಿಯಾಚೆ, ರಾಷ್ಟ್ರೀಯ ಉದ್ಯಾನದ ಕಾಡಿಗೆ ಹೊಂದಿಕೊಂಡು ಅಪ್ಪನ ಪರಿಚಯದವರೊಬ್ಬರ ಖಾಲಿ ಜಮೀನಿತ್ತು. ಜೀಪಿನಲ್ಲಿ ಕಲ್ಹಟ್ಟಿ ಘಾಟಿ ಇಳಿದೆವು.

ದಾರಿಯಲ್ಲೇ ಅಪ್ಪ ಒಂದು ಆಟ ಶುರು ಮಾಡಿದರು. ಪ್ರಾಣಿಯನ್ನು ಮೊದಲು ಕಂಡವರು ಹೆಸರು ಕೂಗಬೇಕು. ಕೂಗಿದವರಿಗೆ ಪೊಟ್ಟಣದಿಂದ ಒಂದು ವರ್ಕಿ ಬಿಸ್ಕತ್ತು.

“ಕೈ ತೋರ್ಸಿದ್ರೆ ಲೆಕ್ಕಕ್ಕಿಲ್ಲ, ಬಾಯಲ್ಲಿ ಹೇಳ್ಬೇಕು,” ಎಂದು ಕನ್ನಡಿಯಲ್ಲಿ ಅಣ್ಣನನ್ನು ನೋಡಿ ನಕ್ಕರು.

ಅಣ್ಣನ ಕಣ್ಣು ಚುರುಕು. ಬಿದಿರುಮೆಳೆಯ ನೆರಳಲ್ಲಿದ್ದ ಕಡವೆಯನ್ನು ಅವನೇ ಮೊದಲು ಕಂಡ. “ಕ... ಕ...” ಎನ್ನುವಷ್ಟರಲ್ಲಿ ಮಾವನ ಮಗಳು ಅವನ ಬೆರಳಿನ ಕಡೆ ನೋಡಿ, “ಕಡವೆ!” ಎಂದು ಕೂಗಿ ವರ್ಕಿ ಗೆದ್ದಳು. ಕಾಟಿ ಕಂಡಾಗಲೂ ಹಾಗೆಯೇ ಆಯಿತು.

“ಸಾಕು ಬಿಡ್ರೀ,” ಎಂದಳು ಅಮ್ಮ.

“ಹೀಗಾದ್ರೂ ನಾಲಿಗೆ ಹೊರಳ್ಲಿ ಅಂತ ಕಣೇ,” ಎಂದರು ಅಪ್ಪ.

ಪೊಟ್ಟಣ ಖಾಲಿಯಾಯಿತು. ಅಣ್ಣನಿಗೆ ಒಂದೂ ಸಿಗಲಿಲ್ಲ.

ಟೆಂಟ್ ಕಟ್ಟಿದ್ದೂ ಅವನೇ. ಊಟವಾದ ಮೇಲೆ ಅಪ್ಪ, ಮಾವ ಕಾಡಿಗೆ ಬೆನ್ನು ಹಾಕಿ ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಅಮ್ಮ, ನಾನು ಕೆಳಗೆ ಹಳ್ಳದಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ತಲೆಯೆತ್ತಿದಾಗ ಅಣ್ಣ ಲಂಟಾನ ಪೊದೆಯ ಕಡೆಗೆ ಕೈ ಚಾಚಿ ನಿಂತದ್ದು ಕಾಣಿಸಿತು.

“ಆ... ಆ... ಆ...”

ಅಪ್ಪ ತಿರುಗಿಯೂ ನೋಡಲಿಲ್ಲ. “ಆ ಅಂದ್ರೇನೋ? ಆಡೋ, ಆಮೆಯೋ? ನೆಟ್ಟಗೆ ಹೇಳು.”

“ಆಲೂಗಡ್ಡೆ ಇರ್ಬೇಕು, ಭಾವ,” ಎಂದರು ಮಾವ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಣ್ಣ ಓಡಿಬಂದು ಅಪ್ಪನ ರಟ್ಟೆ ಹಿಡಿದು ಎಳೆದ. ಅಪ್ಪ ಕೊಸರಿಕೊಂಡು ಅವನ ಕೆನ್ನೆಗೆ ಬಾರಿಸಿದರು. ಅಷ್ಟರಲ್ಲಿ ಪೊದೆ ಸೀಳಿಕೊಂಡು ಒಂಟಿ ಸಲಗ ಹೊರಗೆ ಬಂತು.

ಮಾವ ಮಕ್ಕಳನ್ನು ಎಳೆದುಕೊಂಡು ಜೀಪಿಗೆ ಓಡಿದರು. ಎದ್ದ ಅಪ್ಪನ ಕಾಲು ಟೆಂಟಿನ ಹಗ್ಗಕ್ಕೆ ಸಿಕ್ಕಿತು. ಬಿದ್ದವರನ್ನು ಆನೆ ಸೊಂಡಿಲಿನಿಂದ ಉರುಳಿಸಿ ಕಾಲಿನಿಂದ ಒತ್ತಿ ತಳ್ಳಿತು. ಅಪ್ಪನ ಬಾಯಿಂದ ಹೊರಟ ಸದ್ದು ಮನುಷ್ಯರದ್ದಾಗಿರಲಿಲ್ಲ. ಅಣ್ಣ ಟೀ ಪಾತ್ರೆಗೆ ಸೌದೆ ತುಂಡಿನಿಂದ ಬಡಿಯುತ್ತ ಆನೆಯ ಎದುರಿಗೇ ಹೋಗಿ ನಿಂತ. ಅದು ಕಿವಿ ಅಗಲಿಸಿ ಅವನ ಕಡೆ ತಿರುಗಿತು. ಜಮೀನಿನ ಕಾವಲುಗಾರ “ಯಾನೆ, ಯಾನೆ!” ಎಂದು ತಮಿಳಿನಲ್ಲಿ ಕೂಗುತ್ತ ಬಂದು ಪಟಾಕಿ ಹಚ್ಚುವವರೆಗೂ ಅವನು ಬಡಿಯುತ್ತಲೇ ಇದ್ದ. ಆಮೇಲೆ ಆನೆ ಕಾಡಿಗೆ ಸರಿಯಿತು.

ಮೊದಲು ಗೂಡಲೂರು, ಅಲ್ಲಿಂದ ಕೊಯಮತ್ತೂರು ಆಸ್ಪತ್ರೆ. ಸೊಂಟದ ಮೂಳೆ ಪುಡಿಯಾಗಿತ್ತು. ನೋಡಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದರು: “ಇವ್ನು ಸರಿಯಾಗಿ ಬಾಯಿ ಬಿಟ್ಟಿದ್ರೆ ನಂಗೀ ಗತಿ ಬರ್ತಿರ್ಲಿಲ್ಲ.” ಆಗ ಅಣ್ಣ ಮಂಚದ ಪಕ್ಕದಲ್ಲೇ ಮೂತ್ರದ ಪಾತ್ರೆ ಹಿಡಿದು ನಿಂತಿರುತ್ತಿದ್ದ.

“ಪಾಪ, ಅವ್ನೇನ್ ಮಾಡ್ತಾನೆ ಭಾವ? ದೇವ್ರು ಕೊಟ್ಟಿದ್ದೇ ಅಷ್ಟು,” ಎನ್ನುತ್ತಿದ್ದರು ಮಾವ.

ಆನೆಯ ಎದುರು ನಿಂತವನು ಯಾರೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ. ನಾನು ಹೇಳಹೋದರೆ ಅಪ್ಪ, “ಹಳ್ಳದಲ್ಲಿದ್ದೋಳಿಗೆ ಏನ್ ಕಾಣ್ತು?” ಎಂದು ಬಾಯಿ ಮುಚ್ಚಿಸಿದರು.

ಅಪ್ಪ ಮತ್ತೆ ನಡೆಯಲಿಲ್ಲ. ಈಗ ಮಂಡಿ ಅಣ್ಣನದು. ಅಪ್ಪನಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಕಿಟಕಿಯ ಬಳಿ ಕೂರಿಸುವವನೂ ಅವನೇ. ನೀರಿನ ಬಿಸಿಯನ್ನು ಕೈಯಿಟ್ಟು ನೋಡಿಯೇ ಹಾಕುತ್ತಾನೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪನ ಜೊತೆ ಒಂದು ಮಾತೂ ಆಡಿಲ್ಲ. ಮೊದಮೊದಲು ಅಪ್ಪ ಬೈದರು, ಅಣಕಿಸಿದರು. ಈಚೆಗೆ ಅಂಗಲಾಚುತ್ತಾರೆ.

“ಇವತ್ತು ಲೋಡ್ ಹೋಯ್ತೇನೋ? ಹೇಳಪ್ಪಾ.”

ಅಣ್ಣ ಅವರ ಸ್ವೆಟರಿನ ಗುಂಡಿ ಹಾಕಿ ಹೊರಗೆ ಹೋಗುತ್ತಾನೆ.

ಅಮ್ಮ ಒಮ್ಮೆ ಅಡುಗೆಮನೆಯಲ್ಲಿ ಅವನ ಕೈ ಹಿಡಿದುಕೊಂಡು ಬೇಡಿದಳು. “ಒಂದ್ ಮಾತಾಡೋ. ಆ ಜೀವ ಒಳಗೇ ಬೇಯ್ತಿದೆ.”

“ಬೇ... ಬೇಯ್ಲಿ ಅಮ್ಮ,” ಎಂದ ಅಣ್ಣ, ಮೆತ್ತಗೆ, ಅವಳ ಕೈ ಬಿಡಿಸಿಕೊಳ್ಳುತ್ತ.

ಅಂಗಳದಲ್ಲಿ ಲಾರಿಗೆ ಮೂಟೆ ಏರಿಸುವವರ ಜೊತೆ ಅವನು ತೊದಲುತ್ತಲೇ ಹರಟುತ್ತಾನೆ, ಜೋರಾಗಿ ನಗುತ್ತಾನೆ. ಆ ಹೊತ್ತಿಗೆ ಅಪ್ಪ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನೆಲ್ಲ ಸುಮ್ಮನಿರಿಸಿ, ಕಿಟಕಿಯ ಸರಳಿಗೆ ಕಿವಿ ಆನಿಸಿ ಕೂರುತ್ತಾರೆ.