ಪರ್ತಿನ ಮಠದ ಚರ್ಚಿನಲ್ಲಿ ಮೂರು ಪ್ರದಕ್ಷಿಣೆ

ಅಡಿಲೇಡ್‌ನಿಂದ ಪರ್ತಿಗೆ ರೈಲಿನಲ್ಲಿ ಎರಡು ರಾತ್ರಿಯ ದಾರಿ. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ. ೧೯೮೪ರ ಆಗಸ್ಟ್, ಅಲ್ಲಿಯ ಚಳಿಗಾಲದಲ್ಲಿ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ನಾನೊಬ್ಬಳೇ ಹೊರಟೆ. ಒಂದು ಹಗಲು ಪೂರ್ತಿ ಕಿಟಕಿಯಾಚೆ ಮರವೇ ಇಲ್ಲದ ಬಯಲು. ನೋಡಿ ನೋಡಿ ಸಾಕಾಗಿ ಸ್ವೆಟರಿನ ಎರಡು ತೋಳು ಹೆಣೆದು ಮುಗಿಸಿದೆ.

ಮಗಳು ಸುಮಾ ಪರ್ತಿನ ಬೆಂಟ್ಲಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು. ಕೊನೆಯ ವರ್ಷದ ಕೆಲಸಕ್ಕೆ ಅವಳು ಆರಿಸಿಕೊಂಡಿದ್ದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಹಳೆಯ ಮಠದ ಚರ್ಚು. ನಾನು ತಲುಪಿದ ಮಾರನೆಯ ಬೆಳಿಗ್ಗೆಯೇ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಹೊರಗೆ ಬರೀ ಕೆಂಪಿಟ್ಟಿಗೆ, ಆಡಂಬರವಿಲ್ಲ. ಒಳಗೆ ಹೋದರೆ ಕತ್ತೆತ್ತಿ ನಿಂತುಬಿಡಬೇಕು. ಮೇಲೆ ಜಾರಾ ಮರದ ಕಡುಗೆಂಪು ತೊಲೆಗಳು. ಬಣ್ಣದ ಗಾಜಿನ ಕಿಟಕಿಯಲ್ಲಿ ಹಕ್ಕಿಗಳೊಡನೆ ಮಾತಾಡುವ ಸಂತ ಫ್ರಾನ್ಸಿಸ್. ಹಕ್ಕಿಗಳ ನಡುವೆ ಈ ಊರಿನದೇ ಒಂದು ಕಪ್ಪು ಹಂಸ.

ಪೂಜಾವೇದಿಕೆಯ ಎದುರಿಗೆ ಹಿಂದೆ ಭಕ್ತರು ಮಂಡಿಯೂರಲು ಕೆತ್ತನೆಯ ಮರದ ಕಟಕಟೆಯಿತ್ತಂತೆ. ಪೂಜೆಯ ಹೊಸ ಪದ್ಧತಿ ಬಂದಾಗ ಅದನ್ನು ಕಿತ್ತು ಶೆಡ್ಡಿಗೆ ಹಾಕಿದ್ದರು.

"ಅದು ನಿಂತಿದ್ದ ಜಾಗ ಪ್ರೂವ್ ಮಾಡಿದ್ರೆ ವಾಪಸ್ ನಿಲ್ಲಿಸ್ತಾರೆ, ಇಲ್ದಿದ್ರೆ ಮಾರ್ಬಿಡ್ತಾರೆ," ಎಂದಳು ಸುಮಾ. "ಪ್ಲಾನ್ ಇಲ್ಲ, ಫೋಟೋ ಇಲ್ಲ. ನಾಳೆ ಆರ್ವೊ ಮಠದವರ ಮೀಟಿಂಗ್, ಅಮ್ಮ." ಆರ್ವೊ ಅಂದರೆ ಅಲ್ಲಿಯವರ ಬಾಯಲ್ಲಿ ಮಧ್ಯಾಹ್ನ.

ನಾನಾಗಲೇ ಬಾಗಿಲಲ್ಲಿ ಶೂಸು, ಕಾಲುಚೀಲ ಎರಡನ್ನೂ ಬಿಚ್ಚಿದ್ದೆ. ಮಗಳ ಮುಖ ಕೆಂಪಾಯಿತು. "ಅಮ್ಮಾ, ಪ್ಲೀಸ್! ಇಲ್ಲಿ ಯಾರೂ ಬಿಚ್ಚಲ್ಲ."

"ದೇವರ ಮುಂದೆ ಶೂಸ್ ಹಾಕ್ಕೊಂಡು ನಿಲ್ಲಕ್ಕೆ ನನ್ನ ಕೈಲಿ ಆಗಲ್ಲ ಕಣೇ," ಎಂದು ವೇದಿಕೆಗೆ ಪ್ರದಕ್ಷಿಣೆ ಹೊರಟೆ. ಅಲ್ಲಿ ಹಾಗೆ ಸುತ್ತುವ ರೂಢಿಯಿಲ್ಲವೆಂದು ನನಗೇನು ಗೊತ್ತು? ಮಠದ ಮುಖ್ಯಸ್ಥರಾದ ಹಿರಿಯ ಸನ್ಯಾಸಿ ಕಣ್ಣರಳಿಸಿ ನೋಡುತ್ತಿದ್ದರು.

ಮೂರನೆಯ ಸುತ್ತಿನಲ್ಲಿ ಅಂಗಾಲಿಗೆ ಏನೋ ತಾಕಿತು. ಕಪ್ಪು ವಾರ್ನಿಷ್ ಬಳಿದ ಹಲಗೆಯಲ್ಲಿ ಕಣ್ಣಿಗೆ ಏನೂ ಇಲ್ಲ. ಪಾದಕ್ಕೆ ಮಾತ್ರ ಬಿಲ್ಲೆಯಷ್ಟಗಲದ ಉಬ್ಬು. ನಾಲ್ಕು ಹೆಜ್ಜೆಯಾಚೆ ಇನ್ನೊಂದು, ಆಮೇಲೆ ಮತ್ತೊಂದು.

"ಸುಮಾ, ಇಲ್ಲಿ ತೂತು ಮುಚ್ಚಿದಾರೆ ನೋಡು."

ಅವಳು ಮಂಡಿಯೂರಿ ಕೈಯಾಡಿಸಿದಳು. ಒಂದೇ ಸಾಲಿನಲ್ಲಿ ಒಂಬತ್ತು ಕಡೆ ತೂತಿಗೆ ಮರದ ಬೆಣೆ ಬಡಿದಿದ್ದರು. ಟೇಪು ಹಿಡಿದು ಶೆಡ್ಡಿಗೆ ಓಡಿದಳು. ಕಟಕಟೆಗೂ ಒಂಬತ್ತೇ ಕಂಬ, ಒಂದೊಂದರ ಮೇಲೂ ಸನ್ಯಾಸಿಗಳ ನಡುಹಗ್ಗದ ಮೂರು ಗಂಟುಗಳ ಕೆತ್ತನೆ. ಅಂತರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹಿರಿಯರು ಬಗ್ಗಿ ತಾವೇ ಮುಟ್ಟಿ ನೋಡಿ, "ಇನ್ನು ಮೀಟಿಂಗ್ ಯಾಕೆ? ನಿಲ್ಲಿಸೋಣ," ಎಂದರು.

ಹೊರಗಿನ ಬೂತಿನಿಂದ ಸುಮಾ ಆಸ್ಪತ್ರೆಗೆ ಫೋನ್ ಮಾಡಿದಳು. "ಡ್ಯಾಡ್, ವಿ ಗಾಟ್ ಇಟ್! ನಾನಲ್ಲ, ಅಮ್ಮ ಕಂಡುಹಿಡಿದಿದ್ದು."

ನಾನು ಅವಳ ಕೈಯಿಂದ ರಿಸೀವರ್ ಕಿತ್ತುಕೊಂಡೆ. "ರೀ, ಅವಳ ಮಾತು ಕೇಳ್ಬೇಡಿ. ನಾನು ಬರೀ ಎಡವಿದ್ದು. ಒಂದು ವರ್ಷದಿಂದ ಅದಕ್ಕೋಸ್ಕರ ಜಗಳ ಆಡಿದ್ದು ನಿಮ್ಮ ಮಗಳು."